ಮನೆಯ ಹೊರಗೆ ಸಿಸಿ ಕ್ಯಾಮೆರಾ ಎಲ್ಲಿ ಹಾಕಬೇಕು? ಗೋಡೆಗೆ ತೂತು ಕೊರೆಯುವ ಮುಂಚೆ ಮಾಡಬೇಕಾದ ಕೆಲಸಗಳು

"ಕಳ್ಳ ಬಂದಿದ್ದು ಕಾಣುತ್ತೆ, ಹೋಗಿದ್ದು ಕಾಣುತ್ತೆ, ಮುಖ ಮಾತ್ರ ಕಾಣಲ್ಲ." ಮನೆಗೆ ಕ್ಯಾಮೆರಾ ಹಾಕಿಸಿದವರಿಂದ ನಾನು ಮತ್ತೆ ಮತ್ತೆ ಕೇಳುವ ಮಾತಿದು. ನಮ್ಮ ಮನೆಯಲ್ಲೂ ಹೀಗೇ ಆಯಿತು. ನಾಲ್ಕು ಕ್ಯಾಮೆರಾ ಇದ್ದರೂ ಪೋರ್ಟಿಕೋದಲ್ಲಿ ನಿಲ್ಲಿಸಿದ್ದ ಸ್ಕೂಟರನ್ನು ಯಾರೋ ಬೆಳಗಿನ ಜಾವ ತಳ್ಳಿಕೊಂಡು ಹೋದರು. ಪೊಲೀಸರ ಮುಂದೆ ಫುಟೇಜ್ ಹಾಕಿ ತೋರಿಸಿದಾಗ ಕಂಡದ್ದು ಒಂದು ಟೋಪಿ, ಎರಡು ಭುಜ, ನೆಲದ ಮೇಲೆ ಉದ್ದಕ್ಕೆ ಬಿದ್ದ ನೆರಳು. ಕ್ಯಾಮೆರಾ ಕೆಟ್ಟಿರಲಿಲ್ಲ. ಅದನ್ನು 14 ಅಡಿ ಎತ್ತರದಲ್ಲಿ, ಮೊದಲ ಮಹಡಿಯ ಸಜ್ಜದ ಕೆಳಗೆ ಹಾಕಿಸಿದ್ದೆವು. ಅಲ್ಲಿಂದ ಯಾರನ್ನು ನೋಡಿದರೂ ನೆತ್ತಿಯೇ ಕಾಣುವುದು.

ಆಮೇಲೆ ನೆಂಟರ, ನೆರೆಯವರ ಮನೆಗಳಲ್ಲಿ ನೋಡುತ್ತಾ ಹೋದೆ. ಹೆಚ್ಚಿನ ಕಡೆ ಅದೇ ಕಥೆ. ನಾಲ್ಕು ಮೂಲೆಗೆ ನಾಲ್ಕು ಕ್ಯಾಮೆರಾ, ಎಲ್ಲಕ್ಕೂ ಒಂದೇ ಲೆನ್ಸ್, ಕೈಗೆ ಸಿಗಬಾರದೆಂದು ಆದಷ್ಟು ಎತ್ತರ. ಕ್ಯಾಮೆರಾ ಹಾಕುವ ಹುಡುಗರು ಬೆಳಿಗ್ಗೆ ಬಂದು ಸಂಜೆಯೊಳಗೆ ಕೆಲಸ ಮುಗಿಸಬೇಕು, ಅವರಿಗೆ ಯೋಚಿಸಲು ಹೊತ್ತಿಲ್ಲ. ಯೋಚನೆ ಮನೆಯವರೇ ಮಾಡಬೇಕು, ಅದೂ ಅವರು ಬರುವ ಮುಂಚೆ. ಕೆಳಗಿನ ಹಂತಗಳನ್ನು 30x40 ಸೈಟಿನ ಮನೆಯನ್ನು ಕಣ್ಣ ಮುಂದಿಟ್ಟುಕೊಂಡು ಬರೆದಿದ್ದೇನೆ. ಮುಂದೆ ಗೇಟು ಮತ್ತು ಪೋರ್ಟಿಕೊ, ಪಕ್ಕದಲ್ಲಿ ಮೂರಡಿ ಸಂದು, ಮೇಲಿನ ಬಾಡಿಗೆ ಮನೆಗೆ ಹೊರಗಿನಿಂದ ಮೆಟ್ಟಿಲು. ದಯವಿಟ್ಟು ಹಂತಗಳ ಕ್ರಮ ಬದಲಿಸಬೇಡಿ. ಕ್ಯಾಮೆರಾ ಕೊಂಡು ತಂದು ಆಮೇಲೆ ಜಾಗ ಹುಡುಕುವುದೇ ಎಲ್ಲರೂ ಮಾಡುವ ಮೊದಲ ತಪ್ಪು.

ಬೇಕಾಗುವ ಸಾಮಾನು

ಅಳತೆ ಟೇಪು, ಚೌಕದ ಗೆರೆಯ ಹಾಳೆ, ಪೆನ್ಸಿಲ್, ಸೀಮೆಸುಣ್ಣ, ಗಟ್ಟಿ ಏಣಿ, ಟಾರ್ಚು. ಹತ್ತಡಿಯ ಬಿದಿರು ಕೋಲು ಅಥವಾ ಪಿವಿಸಿ ಪೈಪು. ಪರೀಕ್ಷೆಗೆ ಒಂದು ಕ್ಯಾಮೆರಾ. ಪರಿಚಯದ ಅಂಗಡಿಯವರು ಒಂದೆರಡು ದಿನಕ್ಕೆ ಕೊಟ್ಟರೆ ಒಳ್ಳೆಯದು, ಇಲ್ಲದಿದ್ದರೆ ಒಂದನ್ನು ಮಾತ್ರ ಮೊದಲು ಕೊಳ್ಳಿ. ಜೊತೆಗೆ ಏಣಿ ಹಿಡಿಯಲು, ಗೇಟಿನಿಂದ ನಡೆದು ತೋರಿಸಲು ಮನೆಯ ಇನ್ನೊಬ್ಬರು. ಏಣಿ ಕೆಲಸವನ್ನು ಒಬ್ಬರೇ ಮಾಡಬೇಡಿ.

ಹಂತ 1: ಹೊರಗಿನಿಂದ ಒಳಗೆ ನಡೆದು ನಕ್ಷೆ ಬರೆಯಿರಿ

ಮನೆಯೊಳಗೆ ಕೂತು ನಕ್ಷೆ ಬರೆದರೆ ಕಿಟಕಿ, ಬಾಗಿಲು ಮಾತ್ರ ನೆನಪಾಗುತ್ತವೆ. ಬೀದಿಗೆ ಹೋಗಿ ನಿಂತು, ಈ ಮನೆಯ ಬೀಗದ ಕೈ ನಿಮ್ಮ ಬಳಿ ಇಲ್ಲ ಎಂದುಕೊಂಡು ಒಳಗೆ ಬರುವ ದಾರಿ ಹುಡುಕಿ. ಪಕ್ಕದ ಖಾಲಿ ಸೈಟಿನಲ್ಲಿ ಮಣ್ಣು ಗುಡ್ಡೆ ಬಿದ್ದು ನಿಮ್ಮ ಕಾಂಪೌಂಡ್ ಅಲ್ಲಿ ಮೂರೇ ಅಡಿ ಆಗಿರಬಹುದು. ಮಾವಿನ ಕೊಂಬೆ ತಾರಸಿಗೆ ತಾಗುತ್ತಿರಬಹುದು. ನೀರಿನ ಪೈಪು, ಏಸಿಯ ಹೊರಗಿನ ಪೆಟ್ಟಿಗೆ, ಹಿಂದಿನ ಮನೆಯ ಸಜ್ಜ ಎಲ್ಲವೂ ಹತ್ತುವವರಿಗೆ ಮೆಟ್ಟಿಲೇ.

ಹಾಳೆಯಲ್ಲಿ ಒಂದು ಚೌಕಕ್ಕೆ ಒಂದು ಅಡಿಯಂತೆ ಸೈಟಿನ ಗಡಿ, ಮನೆಯ ಗೋಡೆ, ಗೇಟು, ಮೆಟ್ಟಿಲು, ತಾರಸಿ ಬಾಗಿಲು, ಸಂಪಿನ ಮುಚ್ಚಳ, ವಾಹನ ನಿಲ್ಲುವ ಜಾಗ ಗುರುತಿಸಿ. ಬೀದಿ ದೀಪದ ಕಂಬ ಎಲ್ಲಿದೆ, ಪೂರ್ವ ಯಾವ ಕಡೆ ಎನ್ನುವುದೂ ನಕ್ಷೆಯಲ್ಲಿರಲಿ. ಬರುವ ದಾರಿಗಳಿಗೆಲ್ಲ ಬಾಣ ಎಳೆಯಿರಿ. ಸಾಮಾನ್ಯವಾಗಿ ನಾಲ್ಕೈದು ಬಾಣ ಆಗುತ್ತವೆ, ಅವುಗಳಲ್ಲಿ ಎರಡು ಮೂರು ಒಂದೇ ಜಾಗದಲ್ಲಿ ಕೂಡುತ್ತವೆ. ಆ ಕೂಡುವ ಜಾಗವೇ ನಿಮ್ಮ ಮೊದಲ ಕ್ಯಾಮೆರಾದ್ದು.

ಹಂತ 2: ಒಂದೊಂದು ಕ್ಯಾಮೆರಾಗೂ ಒಂದೊಂದೇ ಪ್ರಶ್ನೆ

ಬಾಣದ ಪಕ್ಕದಲ್ಲಿ ಆ ಕ್ಯಾಮೆರಾ ಉತ್ತರಿಸಬೇಕಾದ ಪ್ರಶ್ನೆಯನ್ನು ಬರೆಯಿರಿ. ಪ್ರಶ್ನೆಗಳು ಮೂರೇ. ಬಂದವರು ಯಾರು? ಇಲ್ಲಿ ಏನು ನಡೆಯಿತು? ಅಲ್ಲಿ ಯಾರಾದರೂ ಇದ್ದಾರಾ?

ಮೊದಲನೆಯದಕ್ಕೆ ಮುಖ ಸ್ಪಷ್ಟವಾಗಿ ಬೇಕು. ಎರಡನೆಯದಕ್ಕೆ ಅಗಲ ನೋಟ ಸಾಕು. ಮೂರನೆಯದಕ್ಕೆ ಮನುಷ್ಯನೋ ನಾಯಿಯೋ ಎಂದು ತಿಳಿದರೆ ಸಾಕು. ಒಂದೇ ಕ್ಯಾಮೆರಾದಿಂದ ಮೂರಕ್ಕೂ ಉತ್ತರ ಬಯಸಿದರೆ ಒಂದಕ್ಕೂ ಸಿಗುವುದಿಲ್ಲ, ನಮ್ಮ ಸ್ಕೂಟರ್ ಹೋದದ್ದು ಹೀಗೇ. "ಇಡೀ ಮನೆ ಕವರ್ ಆಗುತ್ತೆ ಸಾರ್" ಎಂದು ಯಾರಾದರೂ ಹೇಳಿದರೆ, ಗೇಟಿನ ಹತ್ತಿರ ನಿಂತವರ ಮುಖ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಕೇಳಿ.

ಹಂತ 3: ಲೆನ್ಸಿನ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನಿಸಿ, ದುಡ್ಡು ಉಳಿಯುವುದೂ ಹಾಳಾಗುವುದೂ ಇಲ್ಲೇ. ಅಪರಿಚಿತ ಮುಖವನ್ನು ಗುರುತು ಹಿಡಿಯಲು ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ (ಚಿತ್ರದ ಚುಕ್ಕಿ) ಬೇಕು. ಪರಿಚಿತರನ್ನು "ಓ, ಇವನೇ" ಅನ್ನಲು 125 ಸಾಕು. ಯಾರೋ ಇದ್ದಾರೆ ಎಂದು ತಿಳಿಯಲು 25.

ಎರಡು ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲ 1920 ಪಿಕ್ಸೆಲ್. ಅದನ್ನು 250ರಿಂದ ಭಾಗಿಸಿದರೆ ಸುಮಾರು 7.7 ಮೀಟರ್, ಅಂದರೆ 25 ಅಡಿ. ಚಿತ್ರದಲ್ಲಿ 25 ಅಡಿಗಿಂತ ಅಗಲವಾದ ಜಾಗ ಕಾಣುತ್ತಿದ್ದರೆ ಮುಖದ ಆಸೆ ಬಿಡಬೇಕು. ಅಂಗಡಿಯಲ್ಲಿ ಹೆಚ್ಚಾಗಿ ಕೊಡುವ 2.8 ಎಂಎಂ ಲೆನ್ಸ್ ನೂರು ಡಿಗ್ರಿಗಿಂತ ಹೆಚ್ಚು ಅಗಲ ಹರಡುತ್ತದೆ. ಅದರಲ್ಲಿ ಈ 25 ಅಡಿ ಅಗಲ ಕ್ಯಾಮೆರಾದಿಂದ ಹತ್ತೇ ಅಡಿ ದೂರಕ್ಕೆ ಮುಗಿದುಹೋಗುತ್ತದೆ. 3.6 ಎಂಎಂ ಆದರೆ ಸುಮಾರು 14 ಅಡಿ, 6 ಎಂಎಂ ಆದರೆ ಸುಮಾರು 26 ಅಡಿ. ಕಂಪನಿಯಿಂದ ಕಂಪನಿಗೆ ಸ್ವಲ್ಪ ಆಚೀಚೆ ಆಗಬಹುದು, ಲೆಕ್ಕದ ದಾರಿ ಇದೇ.

ಇನ್ನೊಂದು ರೀತಿಯಲ್ಲಿ ನೋಡಿ. ಮನುಷ್ಯನ ಮುಖದ ಅಗಲ ಸುಮಾರು 16 ಸೆಂಟಿಮೀಟರ್. ಮಾನದಂಡದ ಲೆಕ್ಕದಲ್ಲಿ ಅದಕ್ಕೆ 40 ಚುಕ್ಕಿ ಸಿಗಬೇಕು. 2.8 ಎಂಎಂ ಲೆನ್ಸಿನ ಮುಂದೆ 30 ಅಡಿ ದೂರದಲ್ಲಿ ನಿಂತವರ ಮುಖಕ್ಕೆ ಸಿಗುವುದು ಬರೀ 13 ಚುಕ್ಕಿ. ಕಣ್ಣು, ಮೂಗು, ಮೀಸೆ ಎಲ್ಲವೂ ಆ 13 ಚುಕ್ಕಿಗಳಲ್ಲೇ ಮೂಡಬೇಕು. ಪೊಲೀಸರು ಎಷ್ಟು ಝೂಮ್ ಮಾಡಿದರೂ ಇಲ್ಲದ ಚುಕ್ಕಿ ಹುಟ್ಟುವುದಿಲ್ಲ.

"ಹಾಗಾದರೆ ನಾಲ್ಕು ಮೆಗಾಪಿಕ್ಸೆಲ್ ತರೋಣ" ಅನಿಸುತ್ತದೆ. ತನ್ನಿ, ಒಳ್ಳೆಯದೇ. ಆದರೆ ಅದೇ 2.8 ಎಂಎಂ ಲೆನ್ಸಿನಲ್ಲಿ ಹತ್ತಡಿ ಇದ್ದದ್ದು 13 ಅಡಿ ಆಗುತ್ತದೆ, ಅಷ್ಟೆ. ಲೆನ್ಸನ್ನು 6 ಎಂಎಂಗೆ ಬದಲಿಸಿದರೆ ಎರಡೂವರೆ ಪಟ್ಟು ದೂರ ಸಿಗುತ್ತದೆ. ಗೇಟು ದೂರ ಇರುವವರು ಮೆಗಾಪಿಕ್ಸೆಲ್ ಬಿಟ್ಟು ಲೆನ್ಸಿನ ಬಗ್ಗೆ ಕೇಳಿ. ಲೆನ್ಸನ್ನು ಹೊಂದಿಸಬಹುದಾದ ವೇರಿಫೋಕಲ್ ಕ್ಯಾಮೆರಾ ಸ್ವಲ್ಪ ದುಬಾರಿ, ಆದರೆ ಗೇಟಿನ ಕೆಲಸಕ್ಕೆ ನಾನು ಅದನ್ನೇ ಹೇಳುವುದು. ಈ ಅಂಕಿಗಳೆಲ್ಲ ಒಳ್ಳೆಯ ಬೆಳಕಿನವು. ರಾತ್ರಿ ಇದಕ್ಕಿಂತ ಕಡಿಮೆಯೇ ಸಿಗುತ್ತದೆ, ಹಾಗಾಗಿ ಲೆಕ್ಕದ ಅಂಚಿಗೆ ಹೋಗದೆ ಎರಡಡಿ ಒಳಗೇ ಇರಿ.

ಹಂತ 4: ಎತ್ತರ

ಮುಖ ಬೇಕಾದ ಕ್ಯಾಮೆರಾ ನೆಲದಿಂದ ಎಂಟರಿಂದ ಒಂಬತ್ತು ಅಡಿಯಲ್ಲಿರಲಿ. ಕಾರಣ ಸರಳ. ನಿಂತವರ ಮುಖ ಐದಡಿ ಚಿಲ್ಲರೆ ಎತ್ತರದಲ್ಲಿರುತ್ತದೆ. ಎಂಟೂವರೆ ಅಡಿಯ ಕ್ಯಾಮೆರಾ ಹತ್ತಡಿ ದೂರದಲ್ಲಿರುವ ಆ ಮುಖವನ್ನು ಸುಮಾರು 18 ಡಿಗ್ರಿ ಓರೆಯಲ್ಲಿ ನೋಡುತ್ತದೆ. ಹಣೆ, ಕಣ್ಣು, ಗಲ್ಲ ಎಲ್ಲ ಸಿಗುತ್ತವೆ. ಅದೇ ಕ್ಯಾಮೆರಾ 14 ಅಡಿಗೆ ಹೋದರೆ ಓರೆ 41 ಡಿಗ್ರಿ. ಟೋಪಿಯ ಅಂಚು ಬಂತೆಂದರೆ ಮೂಗಿನ ತುದಿಯೂ ಇಲ್ಲ.

"ಕೈಗೆ ಸಿಕ್ಕರೆ ಮುರಿದು ಹಾಕುತ್ತಾರೆ" ಎಂಬ ಭಯ ಎಲ್ಲರಿಗೂ ಇದೆ, ಅದು ಸುಳ್ಳೂ ಅಲ್ಲ. ಅದಕ್ಕೆ ಪರಿಹಾರ ಈ ಕ್ಯಾಮೆರಾವನ್ನು ಇನ್ನೊಂದು ಕ್ಯಾಮೆರಾ ನೋಡುತ್ತಿರುವಂತೆ ಇಡುವುದು. ಮುರಿಯಲು ಬಂದವನು ಅದರ ಮುಂದೆ ಬಂದೇ ಬರಬೇಕು, ಆಗ ಅವನ ಮುಖ ಎರಡಡಿ ದೂರದಿಂದ ರೆಕಾರ್ಡ್ ಆಗಿರುತ್ತದೆ. ಏನು ನಡೆಯಿತು ಎಂದು ಹೇಳುವ ಅಗಲ ನೋಟದ ಕ್ಯಾಮೆರಾ ಮಾತ್ರ 12 ಅಡಿಗೋ ಅದಕ್ಕೂ ಮೇಲಕ್ಕೋ ಹೋಗಲಿ.

ಹಂತ 5: ಬಿಸಿಲು, ಬೆಳಕು, ಬಿಳಿ ಗೋಡೆ

ಪೂರ್ವಕ್ಕೆ ಮುಖ ಮಾಡಿದ ಕ್ಯಾಮೆರಾಗೆ ಬೆಳಿಗ್ಗೆ ಏಳರ ಬಿಸಿಲು ಕಣ್ಣಿಗೇ ಹೊಡೆಯುತ್ತದೆ, ಪಶ್ಚಿಮದ್ದಕ್ಕೆ ಸಂಜೆಯದ್ದು. ಆ ಹೊತ್ತಿನಲ್ಲಿ ಬಂದವರು ಕಪ್ಪು ನೆರಳಾಗಿ ಕಾಣುತ್ತಾರೆ. ನಮ್ಮ ಕಡೆ ಜೂನ್‌ನಲ್ಲಿ ಸೂರ್ಯ ಹುಟ್ಟುವ ಜಾಗಕ್ಕೂ ಡಿಸೆಂಬರ್‌ನಲ್ಲಿ ಹುಟ್ಟುವ ಜಾಗಕ್ಕೂ ಸುಮಾರು 48 ಡಿಗ್ರಿ ವ್ಯತ್ಯಾಸ ಇದೆ. ಜೂನ್ ಹೊತ್ತಿಗೆ ಎದುರು ಮನೆಯ ಹಿಂದೆ ಮರೆಯಾಗಿದ್ದ ಬಿಸಿಲು ಡಿಸೆಂಬರ್ ಹೊತ್ತಿಗೆ ನೇರ ಲೆನ್ಸಿಗೇ ಬೀಳಬಹುದು. ಮೇ ತಿಂಗಳಲ್ಲಿ ಚೆನ್ನಾಗಿ ಕಂಡಿತೆಂದು ನಂಬಬೇಡಿ, ಪೂರ್ವದಿಂದ ಎರಡೂ ಕಡೆಗೆ ಕಣ್ಣಾಡಿಸಿ ಏನು ಅಡ್ಡ ಇದೆ ನೋಡಿ. ಸಾಧ್ಯವಾದರೆ ಕ್ಯಾಮೆರಾವನ್ನು ಉತ್ತರಕ್ಕೋ ದಕ್ಷಿಣಕ್ಕೋ ಓರೆ ಮಾಡಿ, ಸಜ್ಜದ ನೆರಳಿನಲ್ಲಿಡಿ.

ಪೋರ್ಟಿಕೋದ ಕತ್ತಲಿನಿಂದ ಬೆಳಕಿನ ಬೀದಿಗೆ ನೋಡುವ ಕ್ಯಾಮೆರಾಗೆ ಇಡೀ ದಿನ ಇದೇ ತೊಂದರೆ. ಅಲ್ಲಿಗೆ ನಿಜವಾದ ಡಬ್ಲ್ಯೂಡಿಆರ್ (ಕತ್ತಲು, ಬೆಳಕು ಎರಡನ್ನೂ ಒಂದೇ ಚಿತ್ರದಲ್ಲಿ ಸರಿಯಾಗಿ ತೋರಿಸುವ ಸೌಲಭ್ಯ) ಇರುವುದನ್ನೇ ಕೇಳಿ, ಡಬ್ಬಿಯ ಮೇಲೆ 120 ಡಿಬಿ ಎಂದಿರುತ್ತದೆ. ಡಿಜಿಟಲ್ ಡಬ್ಲ್ಯೂಡಿಆರ್ ಎಂದು ಬರೆದದ್ದು ಅದಲ್ಲ.

ರಾತ್ರಿಯ ಕಥೆಯೇ ಬೇರೆ. ಕತ್ತಲಲ್ಲಿ ನೋಡಲು ಕ್ಯಾಮೆರಾ ಬಿಡುವ ಐಆರ್ (ಇನ್ಫ್ರಾರೆಡ್) ಬೆಳಕು ಪಕ್ಕದ ಸುಣ್ಣದ ಗೋಡೆ, ಸಜ್ಜದ ಅಡಿ, ಬಿಳಿ ಪೈಪು ಯಾವುದಕ್ಕೆ ತಾಗಿದರೂ ತಿರುಗಿ ಬಂದು ಲೆನ್ಸನ್ನು ಕುರುಡು ಮಾಡುತ್ತದೆ. ಚಿತ್ರದ ಅಂಚಿನಲ್ಲಿ ಒಂದು ಅಂಗೈಯಷ್ಟು ಗೋಡೆ ಬಂದರೂ ಸಾಕು, ಕ್ಯಾಮೆರಾ ಆ ಬೆಳ್ಳಗಿನ ಗೋಡೆಗೆ ತನ್ನನ್ನು ಹೊಂದಿಸಿಕೊಂಡು ಗೇಟನ್ನು ಕತ್ತಲೆಗೆ ತಳ್ಳುತ್ತದೆ. ರಾತ್ರಿ ಚಿತ್ರದಲ್ಲಿ ಒಂದು ಮೂಲೆ ಮಾತ್ರ ಬೆಳ್ಳಗೆ ಉರಿಯುತ್ತಿದ್ದರೆ ಇದೇ ಕಾರಣ. ಕ್ಯಾಮೆರಾವನ್ನು ನಾಲ್ಕಿಂಚು ಮುಂದೆ ತಂದರೆ ಎಷ್ಟೋ ಸಲ ಸರಿಹೋಗುತ್ತದೆ.

ಬಜೆಟ್ ಇದ್ದರೆ ಗೇಟಿನ ಬಳಿ ರಾತ್ರಿಯಿಡೀ ಉರಿಯುವ ಒಂದು 9 ವ್ಯಾಟ್ ಎಲ್ಇಡಿ ದೀಪ ಹಾಕಿ. ನನ್ನ ಅನುಭವದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಫಲ ಕೊಡುವುದು ಬೇರೆ ಇಲ್ಲ. ದೀಪ ಕ್ಯಾಮೆರಾದ ಕಡೆ ನೋಡದೆ, ಬರುವವರ ಮುಖದ ಮೇಲೆ ಬೀಳಬೇಕು.

ಹಂತ 6: ಯಾವ ಜಾಗಕ್ಕೆ ಯಾವುದು

ಮುಂಬಾಗಿಲು. ಒಂದೇ ಕ್ಯಾಮೆರಾಗೆ ದುಡ್ಡಿದ್ದರೆ ಅದು ಇಲ್ಲಿಗೆ. ಗೇಟು ತೆಗೆಯುವವರು ಚಿಲಕ ನೋಡಲು ತಲೆ ಬಗ್ಗಿಸುತ್ತಾರೆ, ಆಗ ಮುಖ ಸಿಗುವುದಿಲ್ಲ. ಗೇಟು ದಾಟಿ ನಾಲ್ಕು ಹೆಜ್ಜೆ ಬಂದು, ಮೆಟ್ಟಿಲ ಹತ್ತಿರ ತಲೆ ಎತ್ತಿ ಬಾಗಿಲು ನೋಡುತ್ತಾರೆ. ಆ ಒಂದು ಕ್ಷಣ ನಿಮಗೆ ಬೇಕು. ಬಾಗಿಲ ಪಕ್ಕ ಎಂಟಡಿಯಲ್ಲಿ, ಬರುವವರ ಎದುರಿಗೆ ಒಂದು ಕ್ಯಾಮೆರಾ ಇರಲಿ.

ಗೇಟು ಮತ್ತು ವಾಹನ. ಸ್ಕೂಟರ್, ಕಾರು, ಗೇಟು ಮೂರೂ ಒಂದೇ ನೋಟದಲ್ಲಿ ಬರುವಂತೆ ಪೋರ್ಟಿಕೋದ ಮೂಲೆಯಿಂದ ಓರೆಯಾಗಿ. ಇದು "ಏನು ನಡೆಯಿತು" ಕ್ಯಾಮೆರಾ, 2.8 ಅಥವಾ 3.6 ಎಂಎಂ ಸಾಕು. ಬೀದಿಯ ವಾಹನಗಳ ನಂಬರನ್ನು ರಾತ್ರಿ ಇದರಿಂದ ಓದಬಹುದೆಂದು ನಂಬಿ ಕೂರಬೇಡಿ. ಈಗಿನ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಬೆಳಕನ್ನು ಬಂದ ದಾರಿಯಲ್ಲೇ ತಿರುಗಿಸುತ್ತದೆ, ಐಆರ್ ಬಿದ್ದರೆ ಬರೀ ಬಿಳಿ ಪಟ್ಟಿ ಕಾಣುತ್ತದೆ. ನಂಬರ್ ಬೇಕೇ ಬೇಕೆಂದರೆ ಅದಕ್ಕೇ ಪ್ರತ್ಯೇಕ ಕ್ಯಾಮೆರಾ, ಕಿರಿದಾದ ನೋಟ, ವೇಗದ ಶಟರ್ ಬೇಕಾಗುತ್ತದೆ.

ಹೊರಗಿನ ಮೆಟ್ಟಿಲು. ತಿರುವಿನ ಜಾಗದಲ್ಲಿ, ಹತ್ತಿ ಬರುವವರ ಕಡೆ ಮುಖ ಮಾಡಿ. ಹತ್ತುತ್ತಾ ಹತ್ತುತ್ತಾ ಮುಖ ತಾನಾಗಿ ಕ್ಯಾಮೆರಾದ ಮಟ್ಟಕ್ಕೆ ಬರುತ್ತದೆ. ಬಾಡಿಗೆಯವರ ಬಾಗಿಲಾಗಲಿ ಕಿಟಕಿಯಾಗಲಿ ಚಿತ್ರದಲ್ಲಿ ಬರಬಾರದು, ಹಾಕುವ ಮುಂಚೆ ಅವರನ್ನು ಕರೆದು ಪರದೆಯಲ್ಲಿ ತೋರಿಸಿ. ತಾರಸಿ ಬಾಗಿಲನ್ನು ಮರೆಯಬೇಡಿ. ಪಕ್ಕದ ಮನೆಯ ತಾರಸಿಯಿಂದ ದಾಟಿ ಬರುವ ದಾರಿ ಇದ್ದರೆ ಇಲ್ಲಿ ಒಂದು ಬೇಕು.

ಪಕ್ಕದ ಸಂದು. ಮೂರಡಿ ಅಗಲ, ಮೂವತ್ತಡಿ ಉದ್ದದ ಸಂದಿಗೆ 2.8 ಎಂಎಂ ಹಾಕಿದರೆ ಚಿತ್ರದ ಮುಕ್ಕಾಲು ಭಾಗ ಎರಡು ಗೋಡೆಗಳೇ. 6 ಎಂಎಂ ಹಾಕಿ. ನೆಟ್ವರ್ಕ್ ತಂತಿಯಲ್ಲಿ ಚಿತ್ರ ಕಳಿಸುವ ಐಪಿ ಕ್ಯಾಮೆರಾ ಆದರೆ ಅದನ್ನು ಅಡ್ಡಲಾಗಿ 90 ಡಿಗ್ರಿ ತಿರುಗಿಸಿ, ಸೆಟ್ಟಿಂಗ್‌ನಲ್ಲಿ ಕಾರಿಡಾರ್ ಮೋಡ್ (ಚಿತ್ರವನ್ನು ಉದ್ದಕ್ಕೆ ನಿಲ್ಲಿಸುವ ಆಯ್ಕೆ) ಹಾಕಿ, ಉದ್ದ ಪೂರ್ತಿ ಸಿಗುತ್ತದೆ.

ಹಿತ್ತಲು. ಇಲ್ಲಿ "ಯಾರಾದರೂ ಇದ್ದಾರಾ" ಎಂಬ ಪ್ರಶ್ನೆ ಸಾಕು. ಬಟ್ಟೆ ಒಣಗಿಸುವ ತಂತಿ ನೋಟಕ್ಕೆ ಅಡ್ಡ ಬರದಂತೆ ನೋಡಿ. ರಾತ್ರಿ ಒಂದು ಸೀರೆ ಗಾಳಿಗೆ ಆಡಿದರೆ ಮೊಬೈಲಿಗೆ ನೂರು ಎಚ್ಚರಿಕೆ ಬರುತ್ತವೆ, ಮೂರನೇ ದಿನಕ್ಕೆ ನೀವೇ ಆ ಎಚ್ಚರಿಕೆ ನಿಲ್ಲಿಸುತ್ತೀರಿ.

ಮಲೆನಾಡಿನ ಓದುಗರಿಗೆ ಒಂದು ಮಾತು. ಅಂಗಳದಲ್ಲಿ ಒಣಗುವ ಅಡಿಕೆ ಕಾಯಲು ಕ್ಯಾಮೆರಾ ಹಾಕುವವರು ಮನೆಯ ಮಾಡಿನಿಂದ ಅಂಗಳ ನೋಡುವ ಕ್ಯಾಮೆರಾದ ಜೊತೆಗೆ ಅಂಗಳದ ಆಚೆ ತುದಿಯಿಂದ ಮನೆಯ ಕಡೆ ನೋಡುವಂತೆ ಇನ್ನೊಂದನ್ನೂ ಹಾಕಿ. ಬಂದವನು ಚೀಲ ತುಂಬಲು ಕೂರುವುದು ಮನೆಗೆ ಬೆನ್ನು ಮಾಡಿ. ಆ ಆಚೆ ತುದಿಯ ಕ್ಯಾಮೆರಾದ ಕಂಬಕ್ಕೂ ಮನೆಗೂ ತಾಮ್ರದ ತಂತಿ ಎಳೆದರೆ ಒಂದು ಸಿಡಿಲಿಗೆ ಎಲ್ಲ ಹೋಗುತ್ತದೆ. ಆ ದೂರಕ್ಕೆ ಫೈಬರ್ ಕೇಬಲ್ ಎಳೆಯಿರಿ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಕಂಬದ ಕ್ಯಾಮೆರಾಗೆ ಕರೆಂಟ್ ಕೂಡ ಮನೆಯಿಂದ ಎಳೆಯದೆ ಅಲ್ಲೇ ಸಣ್ಣ ಸೋಲಾರ್‌ನಿಂದ ಕೊಟ್ಟರೆ ಮಾತ್ರ ಇದರ ಲಾಭ ಪೂರ್ತಿ ಸಿಗುವುದು.

ಹಂತ 7: ಕೋಲಿಗೆ ಕಟ್ಟಿ ಪರೀಕ್ಷೆ

ಎಲ್ಲರೂ ಬಿಡುವ ಹಂತ ಇದು. ನೀವು ಬಿಡಬೇಡಿ.

ಕ್ಯಾಮೆರಾವನ್ನು ಬಿದಿರು ಕೋಲಿನ ತುದಿಗೆ ಕಟ್ಟಿ, ನೀವು ಗುರುತಿಸಿದ ಜಾಗದಲ್ಲಿ, ಗುರುತಿಸಿದ ಎತ್ತರಕ್ಕೆ ನಿಲ್ಲಿಸಿ. ಕೋಲನ್ನು ಕಿಟಕಿ ಸರಳಿಗೋ ಏಣಿಗೋ ಬಿಗಿಯಿರಿ. ಬೆಳಿಗ್ಗೆ ಏಳಕ್ಕೆ, ಸಂಜೆ ಐದೂವರೆಗೆ, ರಾತ್ರಿ ಹತ್ತಕ್ಕೆ ಒಬ್ಬರು ಗೇಟಿನಿಂದ ನಡೆದು ಬರಲಿ. ಮೂರೂ ಹೊತ್ತು ಎರಡೆರಡು ಸಲ, ಒಮ್ಮೆ ಬರಿ ತಲೆಯಲ್ಲಿ, ಒಮ್ಮೆ ಟೋಪಿ ಹಾಕಿ. ಓಡಲಿ, ನಿಲ್ಲಲಿ, ಗಾಡಿ ತಳ್ಳಿಕೊಂಡು ಹೋಗಲಿ.

ನಮ್ಮ ಮನೆಯಲ್ಲಿ ಎರಡನೇ ಸಲ ಹಾಕಿಸುವಾಗ ಭಾವ ನಡೆದು ತೋರಿಸಿದರು. ಮೊಬೈಲಿನಲ್ಲಿ ಲೈವ್ ನೋಡುವಾಗ ಎಲ್ಲ ಸರಿಯಾಗೇ ಇತ್ತು. ಒಳಗೆ ಬಂದು ರೆಕಾರ್ಡಿಂಗ್ ಹಾಕಿ ನೋಡಿದರೆ, ರಾತ್ರಿ ನಡೆಯುವಾಗ ಮುಖ ಎಣ್ಣೆ ಸವರಿದ ಹಾಗೆ ಕಲಸಿಹೋಗಿತ್ತು. ಅವರು ನಿಂತಾಗ ಸರಿ, ಹೆಜ್ಜೆ ಇಟ್ಟರೆ ಹೋಯಿತು. ಬೆಳಕು ಸಾಲದ್ದಕ್ಕೆ ಕ್ಯಾಮೆರಾ ಶಟರನ್ನು ನಿಧಾನ ಮಾಡಿಕೊಂಡಿತ್ತು. ಪೋರ್ಟಿಕೋದ ದೀಪ ಹಾಕಿ ಮತ್ತೆ ನಡೆಸಿದೆವು. ಹುಬ್ಬಿನ ಮೇಲಿನ ಹಳೆಯ ಗಾಯದ ಗುರುತೂ ಕಂಡಿತು. ಆಮೇಲೆ ಕೋಲನ್ನು ಎರಡಡಿ ಬಲಕ್ಕೆ ಸರಿಸಿದೆವು, ಪಿಲ್ಲರಿನ ಹಿಂದೆ ಮರೆಯಾಗುತ್ತಿದ್ದ ಸ್ಕೂಟರಿನ ಹ್ಯಾಂಡಲ್ ನೋಟಕ್ಕೆ ಬಂತು. ಗೋಡೆಗೆ ತೂತು ಬಿದ್ದ ಮೇಲೆ ಆ ಎರಡಡಿಯನ್ನು ಯಾರೂ ಸರಿಸುವುದಿಲ್ಲ.

ಹಾಗಾಗಿ ನಿಯಮ ಇಷ್ಟೇ: ಲೈವ್ ನೋಡಿ ಒಪ್ಪಬೇಡಿ, ರೆಕಾರ್ಡ್ ಆದದ್ದನ್ನು ದೊಡ್ಡ ಪರದೆಯಲ್ಲಿ ನಿಲ್ಲಿಸಿ ನೋಡಿ. ನಡೆದವರನ್ನು ಅರಿಯದವರೊಬ್ಬರಿಗೆ ಆ ಚಿತ್ರ ತೋರಿಸಿ, ಆಮೇಲೆ ಎದುರಿಗೆ ನಿಂತ ನಾಲ್ವರಲ್ಲಿ ಅವರು ಯಾರೆಂದು ಕೇಳಿ. ಹೇಳಿದರೆ ಜಾಗ ಸರಿ. ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ, ಎತ್ತರ ಬರೆದಿಡಿ.

ಹಂತ 8: ತಂತಿ, ಕರೆಂಟು, ರೆಕಾರ್ಡರ್

ಅನಲಾಗ್ ಎಚ್‌ಡಿ ಕ್ಯಾಮೆರಾಗೆ ಚಿತ್ರದ ತಂತಿಯೂ ಕರೆಂಟಿನ ತಂತಿಗಳೂ ಸೇರಿದ 3+1 ಕೇಬಲ್, ರೆಕಾರ್ಡರ್ ಆಗಿ ಡಿವಿಆರ್. ಐಪಿ ಕ್ಯಾಮೆರಾಗೆ ಕ್ಯಾಟ್ 6 ನೆಟ್ವರ್ಕ್ ಕೇಬಲ್, ರೆಕಾರ್ಡರ್ ಆಗಿ ಎನ್‌ವಿಆರ್, ಪಿಒಇ ಸ್ವಿಚ್. ಪಿಒಇಯಲ್ಲಿ ಚಿತ್ರ, ಕರೆಂಟ್ ಎರಡೂ ಒಂದೇ ತಂತಿಯಲ್ಲಿ 100 ಮೀಟರ್ ತನಕ ಹೋಗುತ್ತವೆ. ಹೊಸ ಮನೆ ಕಟ್ಟುತ್ತಿದ್ದರೆ ಪ್ಲಾಸ್ಟರಿಂಗ್‌ಗೆ ಮುಂಚೆ ಈ ಜಾಗಗಳಿಗೆಲ್ಲ ಪೈಪು ಬಿಡಿಸಿ. ವೈಫೈ ಕ್ಯಾಮೆರಾ ಬಾಡಿಗೆ ಮನೆಯವರಿಗೆ ಅನುಕೂಲ, ಆದರೆ ಅದಕ್ಕೂ ಕರೆಂಟಿನ ತಂತಿ ಬೇಕು, ಮತ್ತು ಎರಡು ಗೋಡೆ ದಾಟಿದ ಸಿಗ್ನಲ್ ಮಳೆಗಾಲದ ರಾತ್ರಿಯಲ್ಲಿ ಕೈಕೊಟ್ಟೀತು.

ಕ್ಯಾಮೆರಾ ತಂತಿಯನ್ನು ಮನೆಯ ಕರೆಂಟಿನ ಪೈಪಿನಲ್ಲೇ ತೂರಿಸಲು ಬಿಡಬೇಡಿ. ಹೊರಗಿನ ಜೋಡಣೆಗಳೆಲ್ಲ ಜಂಕ್ಷನ್ ಬಾಕ್ಸಿನ ಒಳಗಿರಲಿ. ನೀರು, ದೂಳು ತಡೆಯುವ ದರ್ಜೆ ಐಪಿ 66 ಅಥವಾ 67 ಎಂದು ಬರೆದದ್ದು ಕ್ಯಾಮೆರಾಗೆ ಮಾತ್ರ, ಅದರ ಬಾಲದಲ್ಲಿ ತೂಗುವ ಕನೆಕ್ಟರಿಗೆ ಅಲ್ಲ. ಮೊದಲ ಮಳೆಗೇ ಹೋಗುವುದು ಆ ಕನೆಕ್ಟರ್. ತಂತಿ ಗೋಡೆಯೊಳಗೆ ಹೋಗುವ ಮುಂಚೆ ಒಂದು ಗೇಣು ಕೆಳಗೆ ಇಳಿದು ಮತ್ತೆ ಮೇಲೇರಲಿ, ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿಹೋಗುತ್ತದೆ.

ರೆಕಾರ್ಡರನ್ನು ಟಿವಿ ಪಕ್ಕ ಇಡಬೇಡಿ. ಒಳಗೆ ಬಂದವನು ಮೊದಲು ಎತ್ತಿಕೊಳ್ಳುವುದು ಅದನ್ನೇ. ಗಾಳಿಯಾಡುವ ಅಟ್ಟ ಅಥವಾ ಬೀಗ ಹಾಕುವ ಕಪಾಟು ಒಳ್ಳೆಯದು. ರೆಕಾರ್ಡರ್, ಕ್ಯಾಮೆರಾಗಳ ಪವರ್ ಸಪ್ಲೈ, ರೌಟರ್ ಮೂರೂ ಇನ್ವರ್ಟರ್ ಲೈನಿನಲ್ಲಿರಬೇಕು. ರೌಟರ್ ಒಂದನ್ನು ಮರೆತರೆ ಕರೆಂಟ್ ಹೋದಾಗ ಮೊಬೈಲಿಗೆ ಏನೂ ಬರುವುದಿಲ್ಲ. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಬಳಿ ಮೊದಲೇ ನೋಡಿಸಿ.

ಹಾರ್ಡ್ ಡಿಸ್ಕಿನ ಲೆಕ್ಕ: ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬರೆದರೆ ದಿನಕ್ಕೆ ಸುಮಾರು 21.6 ಜಿಬಿ. ನಾಲ್ಕಕ್ಕೆ 86 ಜಿಬಿ. ಅಂದರೆ 1 ಟಿಬಿಗೆ 11 ದಿನ, 2 ಟಿಬಿಗೆ 23 ದಿನ. ಊರಿಗೆ ಹೋಗಿ ಎರಡು ವಾರ ಬಿಟ್ಟು ಬರುವವರಿಗೆ 1 ಟಿಬಿ ಸಾಲದು. ಸಿಸಿ ಕ್ಯಾಮೆರಾಗೆಂದೇ ಮಾಡಿದ ಡಿಸ್ಕ್ ಕೇಳಿ, ಹಳೆಯ ಕಂಪ್ಯೂಟರಿನ ಡಿಸ್ಕ್ ಹಗಲೂ ರಾತ್ರಿ ಬರೆಯುವ ಕೆಲಸ ತಾಳುವುದಿಲ್ಲ.

ಪಾಸ್‌ವರ್ಡನ್ನು ನೀವೇ ಹಾಕಿ, ಹಾಕಲು ಬಂದವರ ಎದುರಲ್ಲಿ ಅಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೌಟರ್‌ಗಳೊಳಗೆ ಹೊಕ್ಕದ್ದು ಕಂಪನಿಯವರು ಕೊಟ್ಟ ಪಾಸ್‌ವರ್ಡ್ ಹಾಗೇ ಉಳಿದಿದ್ದರಿಂದ. ಸಿಸಿ ಕ್ಯಾಮೆರಾಗಳು ಸೈಬರ್ ಸುರಕ್ಷತೆಯ ಪರೀಕ್ಷೆ ಪಾಸಾಗಬೇಕೆಂಬ ನಿಯಮ ನಮ್ಮ ದೇಶದಲ್ಲಿ 2025ರ ಏಪ್ರಿಲ್‌ನಿಂದ ಜಾರಿಗೆ ಬಂದಿದೆ. ಹಳೆಯ ಸ್ಟಾಕ್ ಅಗ್ಗಕ್ಕೆ ಸಿಕ್ಕಿತೆಂದು ತರುವ ಮುಂಚೆ ಇದನ್ನು ಕೇಳಿ.

ಹಂತ 9: ನೆರೆಯವರು, ಕಾನೂನು

ನಿಮ್ಮ ಗೇಟಿನ ಮುಂದಿನ ರಸ್ತೆ ಸ್ವಲ್ಪ ಕಂಡರೆ ಪರವಾಗಿಲ್ಲ. ಎದುರು ಮನೆಯ ಬೆಡ್‌ರೂಮ್ ಕಿಟಕಿ, ಪಕ್ಕದವರ ಹಿತ್ತಲ ಬಚ್ಚಲು ಕಾಣಬಾರದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ, ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹೆಣ್ಣುಮಕ್ಕಳ ಖಾಸಗಿ ಕ್ಷಣಗಳನ್ನು ನೋಡುವುದು, ಸೆರೆಹಿಡಿಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ. ನೋಟವನ್ನು ತಿರುಗಿಸಲು ಆಗದಿದ್ದರೆ ಸೆಟ್ಟಿಂಗ್‌ನಲ್ಲಿ ಪ್ರೈವೆಸಿ ಮಾಸ್ಕ್ ಇದೆ, ಆ ಕಿಟಕಿಯ ಮೇಲೆ ಕಪ್ಪು ಚೌಕ ಎಳೆಯಿರಿ. ಆಮೇಲೆ ನೆರೆಯವರನ್ನು ಕರೆದು ತೋರಿಸಿ. ಮನಸ್ತಾಪ ಅಲ್ಲಿಗೇ ನಿಲ್ಲುತ್ತದೆ, ಅವರ ಕ್ಯಾಮೆರಾ ನಿಮ್ಮ ಗೇಟನ್ನು ನೋಡುವ ಜಾಗದಲ್ಲಿದ್ದರೆ ಅದೂ ನಿಮಗೆ ಲಾಭವೇ.

ಕಳ್ಳತನ ಆದರೆ ರೆಕಾರ್ಡರನ್ನು ಫಾರ್ಮ್ಯಾಟ್ ಮಾಡಬೇಡಿ, ಸೆಟ್ಟಿಂಗ್ ಮುಟ್ಟಬೇಡಿ. ಆ ಹೊತ್ತಿನ ಫುಟೇಜನ್ನು ತಕ್ಷಣ ಪೆನ್‌ಡ್ರೈವಿಗೆ ಇಳಿಸಿ. ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದ್ದು ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು, ಅದರಲ್ಲಿ ಕಡತದ ಹ್ಯಾಶ್ ಮೌಲ್ಯವೂ (ಕಡತ ಆಮೇಲೆ ಬದಲಾಗಿಲ್ಲ ಎಂದು ತೋರಿಸುವ ಸಂಕೇತ) ಇರಬೇಕು. ತನಿಖಾಧಿಕಾರಿ ಹೇಳಿದಂತೆ ನಡೆಯಿರಿ. ರೆಕಾರ್ಡರಿನ ಗಡಿಯಾರ ನಿಜವಾದ ಸಮಯಕ್ಕಿಂತ ಎಷ್ಟು ಹಿಂದೆ ಮುಂದೆ ಇದೆ ಎಂದು ಅದೇ ದಿನ ಬರೆದಿಡಿ.

ಹಾಕಿಸಿದ ಮೇಲೆ: ಈ ಸೂಚನೆಗಳನ್ನು ಕಡೆಗಣಿಸಬೇಡಿ

ಹಗಲು ಚೆನ್ನಾಗಿದ್ದು ಕತ್ತಲಾಗುತ್ತಿದ್ದಂತೆ ಚಿತ್ರ ಹೋಗಿ ಬಂದು ಮಾಡುತ್ತಿದ್ದರೆ ಕ್ಯಾಮೆರಾ ಕೆಟ್ಟಿಲ್ಲ. ಐಆರ್ ಹೊತ್ತಿಕೊಂಡಾಗ ಹೆಚ್ಚು ಕರೆಂಟ್ ಬೇಕು, ಉದ್ದ ತಂತಿಯಲ್ಲಿ 12 ವೋಲ್ಟ್ ಇಳಿದುಹೋಗುತ್ತಿದೆ. ದಪ್ಪ ತಂತಿ ಎಳೆಸಿ ಅಥವಾ ಪವರ್ ಸಪ್ಲೈ ಹತ್ತಿರಕ್ಕೆ ತನ್ನಿ.

ರಾತ್ರಿ ಮಂಜು ಕವಿದಂತೆ ಕಂಡರೆ ಲೆನ್ಸಿನ ಗಾಜಿನ ಮೇಲೆ ದೂಳು ಅಥವಾ ಜೇಡರ ಬಲೆ. ಐಆರ್ ಬೆಳಕಿಗೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ. ಗಾಜಿನ ಒಳಗೇ ಹನಿಗಟ್ಟಿದ್ದರೆ ರಬ್ಬರ್ ಸೀಲ್ ಹೋಗಿದೆ, ಮಳೆ ಜೋರಾಗುವ ಮುಂಚೆ ಬದಲಿಸಿ.

ರೆಕಾರ್ಡರ್ ಒಂದೇ ಸಮ ಬೀಪ್ ಅನ್ನುತ್ತಿದ್ದರೆ ಹೆಚ್ಚಾಗಿ ಹಾರ್ಡ್ ಡಿಸ್ಕ್ ಹೋಗಿದೆ. ಸದ್ದು ಕಿರಿಕಿರಿ ಎಂದು ಬೀಪ್ ಆಫ್ ಮಾಡಿ, ಆರು ತಿಂಗಳು ಏನೂ ರೆಕಾರ್ಡ್ ಆಗದೆ ಇದ್ದ ಮನೆಯನ್ನು ನಾನು ಕಂಡಿದ್ದೇನೆ. ಲೈವ್ ಬರುತ್ತಿತ್ತು, ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ.

ತಿಂಗಳ ಮೊದಲ ಭಾನುವಾರ ಕಾಲು ಗಂಟೆ ಇದಕ್ಕೆ ಮೀಸಲಿಡಿ. ಉದ್ದ ಹಿಡಿಯ ಪೊರಕೆಯಿಂದ ಬಲೆ ತೆಗೆಯಿರಿ, ಮೆತ್ತನೆ ಬಟ್ಟೆಯಿಂದ ಗಾಜು ಒರೆಸಿ, ಕ್ಯಾಮೆರಾ ಗಾಳಿಗೆ ತಿರುಗಿದೆಯೇ ನೋಡಿ, ಬೆಳೆದ ಕೊಂಬೆ ಕತ್ತರಿಸಿ, ಗಡಿಯಾರ ಸರಿಪಡಿಸಿ. ಆಮೇಲೆ ಹಿಂದಿನ ರಾತ್ರಿ ಎರಡು ಗಂಟೆಯ ರೆಕಾರ್ಡಿಂಗನ್ನೂ, ಡಿಸ್ಕಿನಲ್ಲಿರುವ ಎಲ್ಲಕ್ಕಿಂತ ಹಳೆಯ ದಿನದ್ದನ್ನೂ ತೆಗೆದು, ನಾಲ್ಕು ಕ್ಯಾಮೆರಾದಲ್ಲೂ ಒಂದೊಂದು ನಿಮಿಷ ನೋಡಿ.